ಸವೆಯದ ಪ್ಯಾಡು

ಹಳೆಯ ಪಿಕಪ್ ಗಾಡಿಯೊಂದರ ಮುಂಚಕ್ರದಲ್ಲಿ, ತಿರುಗುವ ಡಿಸ್ಕಿನ ಒಳಬದಿಗೊಂದು ಹೊರಬದಿಗೊಂದು ಬ್ರೇಕ್ ಪ್ಯಾಡುಗಳಿದ್ದವು. ಒಳಗಿನದು ಸವೆದು ತಗಡಿನಂತಾಗಿತ್ತು. ಹೊರಗಿನದು ಅಂಗಡಿಯಿಂದ ತಂದ ದಿನದಷ್ಟೇ ದಪ್ಪಗಿತ್ತು.

"ನಿನಗಿಂತ ಮೊದಲು ಆ ಜಾಗಕ್ಕೆ ಇಬ್ಬರು ಬಂದು ಹೋದರು," ಎಂದಿತು ಹೊರಗಿನದು. "ಇಬ್ಬರಿಗೂ ತಾಳಿಕೆ ಇರಲಿಲ್ಲ. ನನ್ನನ್ನು ನೋಡಿ ಕಲಿ."

"ಕಲಿಯುತ್ತೇನೆ ಅಣ್ಣ. ಗಾಡಿ ಘಾಟಿ ಇಳಿಯುವಾಗ ನೀನೇನು ಮಾಡುತ್ತೀ, ಹೇಳು."

"ಗಾಬರಿಯಾಗದೆ ಇದ್ದಲ್ಲೇ ಇರುತ್ತೇನೆ."

ಮರುದಿನ ಬ್ರೇಕು ಒತ್ತಿದಾಗಲೆಲ್ಲ ಚಕ್ರ ಕಿರುಚತೊಡಗಿತು. ಮಾಲೀಕ ಸಿದ್ರಾಮ ಗಾಡಿಯನ್ನು ಗ್ಯಾರೇಜಿಗೆ ತಂದ.

"ಹೊರಗಿಂದು ಹೊಸದರ ಹಾಗೇ ಇದೆ ಮೇಸ್ತ್ರಿ. ಪ್ರತಿ ಸಲದ ಹಾಗೆ ಒಳಗಿಂದಷ್ಟೇ ಬದಲಾಯಿಸಿಬಿಡಿ," ಎಂದ.

ಮೇಸ್ತ್ರಿ ದಾವಲ್‌ಸಾಬ್ ಎರಡೂ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ಕೈಯಿಂದ ಅಲ್ಲಾಡಿಸಿ ನೋಡಿದ. ಅದು ಜರುಗಲಿಲ್ಲ. ಅದು ಜಾರಬೇಕಾದ ಪಿನ್ನನ್ನು ಸುತ್ತಿಗೆಯಿಂದ ತಟ್ಟಿ ತೆಗೆದ. ಪಿನ್ನಿನ ತುಂಬಾ ತುಕ್ಕು.

"ಈ ಪಿನ್ನು ತುಕ್ಕು ಹಿಡಿದು ಸಿಕ್ಕಿಕೊಂಡರೆ ಹೊರಗಿನ ಪ್ಯಾಡು ಡಿಸ್ಕನ್ನು ಒತ್ತುವುದೇ ಇಲ್ಲ ಸಿದ್ರಾಮಣ್ಣ. ಇಷ್ಟು ದಿನ ನೀವು ಘಾಟಿ ಇಳಿದದ್ದು ಆ ಸವೆದದ್ದೊಂದನ್ನೇ ನಂಬಿ."

"ಹಾಗಾದರೆ ಎರಡನ್ನೂ ಬದಲಾಯಿಸಿ," ಎಂದ ಸಿದ್ರಾಮ. ಮೇಸ್ತ್ರಿ ಪಿನ್ನು ಉಜ್ಜಿ ಗ್ರೀಸು ಹಚ್ಚಿ, ಹೊಸ ಜೋಡಿ ಹಾಕಿ, ಹಳೆಯವೆರಡನ್ನೂ ಗುಜರಿ ಡಬ್ಬಕ್ಕೆ ಎಸೆದ.

"ಅನ್ಯಾಯ!" ಎಂದು ಕೂಗಿತು ಹೊರಗಿನದು. "ನನ್ನಲ್ಲಿ ಇನ್ನೂ ಎಷ್ಟೊಂದು ಉಳಿದಿದೆ!"

"ಹೌದು ಅಣ್ಣ," ಎಂದಿತು ಒಳಗಿನದು. "ಎಲ್ಲವೂ ಉಳಿದಿದೆ."