ಗುಂಡಿ ಹಾಕಿದ ಗಿಟಾರ್

"ಗುರುಗಳೇ, ಇನ್ನು ನಮ್ಮ ಅಗತ್ಯವೇ ಬೀಳದಂತೆ ಒಬ್ಬನಿಗೆ ಕಲಿಸಿಬಿಟ್ಟರೆ, ಕಲಿಸಿದವನಿಗೆ ಏನು ಉಳಿಯುತ್ತದೆ?"

ಕೇಳಿದವನು ಮರುಳಸಿದ್ಧ. ಹನ್ನೆರಡು ವರ್ಷ ಗುರುಗಳ ಬಳಿ ಕಲಿತವನು. ಈಗ ಕಿರಿಯರಿಗೆ ತಾನೇ ಪಾಠ ಹೇಳುತ್ತಿದ್ದ. ಅಂದು ಬೆಳಿಗ್ಗೆ ಅವನ ವಿದ್ಯಾರ್ಥಿಗಳಲ್ಲೆಲ್ಲ ಚುರುಕಾದವನು ಬಂದು, ಇನ್ನು ಮುಂದೆ ನಾನೇ ಓದಿಕೊಳ್ಳಬಲ್ಲೆ ಎಂದು ಹೇಳಿ, ನಮಸ್ಕಾರ ಮಾಡಿ ಹೊರಟುಹೋಗಿದ್ದ. ಮರುಳಸಿದ್ಧನಿಗೆ ಮಧ್ಯಾಹ್ನದ ಊಟ ಸೇರಿರಲಿಲ್ಲ.

"ಕೂತುಕೋ" ಎಂದರು ಗುರುಗಳು. ಅವನು ಕೂತ. ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಸುಗೆಗಾರನಿದ್ದ. ರೇಡಿಯೋ, ಧ್ವನಿವರ್ಧಕ, ವಿದ್ಯುತ್ ಗಿಟಾರ್, ಏನು ಕೆಟ್ಟರೂ ಅವನ ಅಂಗಡಿಗೇ ಬರಬೇಕು. ಕಾದ ಕಡ್ಡಿಯ ತುದಿಯಿಂದ ಸೀಸ ಕರಗಿಸಿ ವೈರಿಗೆ ವೈರು ಕೂಡಿಸುವುದು ಅವನ ಕಸುಬು. ಅವನು ಹಾಕಿದ ಬೆಸುಗೆ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಅಂಗಡಿಗೆ ಬಂದವರಿಗೂ ಗೊತ್ತಾಗುವಂತೆ ನೋಡಿಕೊಳ್ಳುತ್ತಿದ್ದ.

ಅದೇ ಪೇಟೆಯಲ್ಲಿ ಒಬ್ಬ ಗಿಟಾರ್ ವಾದಕಿ ಇದ್ದಳು. ಅವಳಿಗಿದ್ದದ್ದು ಒಂದೇ ಗಿಟಾರ್. ಬೇಕಾಗಿದ್ದದ್ದು ಎರಡು ದನಿ.

ವಿದ್ಯುತ್ ಗಿಟಾರಿನ ದನಿ ಹೊರಡುವುದು ತಂತಿಗಳ ಕೆಳಗೆ ಕೂರಿಸಿದ ಪಿಕಪ್‌ನಿಂದ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ಎಳೆ ಸುತ್ತಿದ ಪುಟ್ಟ ಕಟ್ಟು ಅದು. ಪಿಕಪ್ ಬದಲಾದರೆ ದನಿ ಬದಲಾಗುತ್ತದೆ. ಅವಳ ಗಿಟಾರಿನ ಕುತ್ತಿಗೆಯ ಬಳಿ ಒಂದು ಪಿಕಪ್ ಖಾಯಂ ಇತ್ತು. ಬುಡದ ಬಳಿ ಹಾಕಲು ಅವಳಲ್ಲಿ ಎರಡು ಇದ್ದವು. ಒಂದು ಅಂಗಡಿಯಲ್ಲಿ ಕೊಂಡದ್ದು, ಗಟ್ಟಿಮುಟ್ಟು, ದನಿ ತಿಳಿ. ಇನ್ನೊಂದನ್ನು ಅವಳೇ ಸುತ್ತಿದ್ದಳು. ಹೊಲಿಗೆ ಯಂತ್ರದ ಚಕ್ರಕ್ಕೆ ಕಟ್ಟಿ, ಎಣಿಸಿ ಎಣಿಸಿ, ಏಳು ಸಾವಿರ ಸುತ್ತು. ಅದರ ದನಿ ದಪ್ಪ. ಅಂಥ ದನಿ ಆ ಪೇಟೆಯಲ್ಲಿ ಇನ್ನೊಬ್ಬರ ಬಳಿ ಇರಲಿಲ್ಲ.

ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕೆಂದರೆ ಹಳೆಯ ಬೆಸುಗೆ ಕರಗಿಸಬೇಕು, ಹೊಸದು ಹಾಕಬೇಕು. ಅದಕ್ಕಾಗಿ ಅವಳು ವಾರಕ್ಕೊಮ್ಮೆ ಬೆಸುಗೆಗಾರನ ಅಂಗಡಿಗೆ ಬರುತ್ತಿದ್ದಳು. ಕಾವು ತಾಗಿದಾಗಲೆಲ್ಲ ಅವಳು ಸುತ್ತಿದ ಪಿಕಪ್‌ನ ಎಳೆಯ ತುದಿ ಕಪ್ಪಾಗುತ್ತ ಬಂತು. ಒಂದು ದಿನ ಬೆಸುಗೆಗಾರ ಅದನ್ನು ಭೂತಗನ್ನಡಿಯಲ್ಲಿ ನೋಡಿದ.

"ಇನ್ನು ಒಂದೇ ಸಲ ತಡೆಯುತ್ತದೆ" ಎಂದ. "ಅದರ ಮುಂದಿನ ಸಲ ಕಡಿಯುತ್ತದೆ. ಕಡಿದರೆ ಏಳು ಸಾವಿರ ಸುತ್ತೂ ಹೋಯಿತು."

ಅವಳು ಆ ಪಿಕಪ್ ಅನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ಹೇಳಿದಳು. "ಬರುವ ಭಾನುವಾರ ಮಧ್ಯಾಹ್ನ ವಾದ್ಯಮೇಳಗಳ ಸ್ಪರ್ಧೆ ಇದೆ. ಎರಡು ಹಾಡು. ಮೊದಲನೆಯದಕ್ಕೆ ತಿಳಿ ದನಿ, ಎರಡನೆಯದಕ್ಕೆ ನಾನು ಸುತ್ತಿದ್ದು. ಉಳಿದವರೆಲ್ಲ ಎರಡೆರಡು ಗಿಟಾರ್ ತರುತ್ತಾರೆ. ನನಗೆ ನಡುವೆ ಸಿಗುವುದು ಎರಡು ನಿಮಿಷ. ಬೆಸುಗೆ ಇಲ್ಲದೆ ಬದಲಾಯಿಸುವ ಹಾಗೆ ಮಾಡಿಕೊಡಿ ಅಣ್ಣಾ. ನಾನೇ ಬದಲಾಯಿಸಿಕೊಳ್ಳುತ್ತೇನೆ."

"ಬೆಸುಗೆ ಇಲ್ಲದೆ?" ಎಂದ ಅವನು. "ಹಾಗಾದರೆ ಅಂಟು ಹಾಕಿಕೋ, ಹೋಗು."

ಅವಳು ಪಿಕಪ್ ಎರಡನ್ನೂ ಗಿಟಾರನ್ನೂ ಅವನ ಮೇಜಿನ ಮೇಲೇ ಬಿಟ್ಟು ಹೋದಳು.

ಪಕ್ಕದ ಅಂಗಡಿಯಲ್ಲಿ ಒಬ್ಬ ದರ್ಜಿಯಿದ್ದ. ಬೆಸುಗೆಗಾರ ಅವನ ಹೊಸ್ತಿಲಲ್ಲಿ ನಿಂತು ಗೊಣಗಿದ. "ಬೇಕೆಂದಾಗ ಬಿಚ್ಚಿಕೊಳ್ಳಬೇಕಂತೆ. ಬಿಚ್ಚಿಕೊಳ್ಳುವುದಾದರೆ ಅದೆಂಥ ಜೋಡಣೆಯಯ್ಯಾ?"

ದರ್ಜಿ ಬಾಯಿಂದ ಸೂಜಿ ತೆಗೆದ. "ನಿನ್ನ ಅಂಗಿಯನ್ನು ನಾನು ಮೈಮೇಲೇ ಇಟ್ಟು ಹೊಲಿದುಬಿಟ್ಟಿದ್ದರೆ ಗಟ್ಟಿಯಾಗಿಯೇ ಇರುತ್ತಿತ್ತು. ಸ್ನಾನ ಹೇಗೆ ಮಾಡುತ್ತಿದ್ದೆ ಮಹರಾಯ?"

ಬೆಸುಗೆಗಾರ ತನ್ನ ಅಂಗಿ ನೋಡಿಕೊಂಡ. ಬೆಳಗಿನಿಂದ ಏಣಿ ಹತ್ತಿದ್ದ, ಪೆಟ್ಟಿಗೆ ಹೊತ್ತಿದ್ದ. ಒಂದು ಗುಂಡಿಯೂ ಬಿಟ್ಟಿರಲಿಲ್ಲ. ಅಂಗೈ ಚಾಚಿ ದರ್ಜಿಯಿಂದ ಒಂದು ಹಿಡಿ ಟಿಚ್ ಗುಂಡಿ ಇಸಿದುಕೊಂಡ. ಹಿತ್ತಾಳೆಯವು. ಒಂದು ಹೋಳಿನಲ್ಲಿ ಮೊಳೆ, ಇನ್ನೊಂದರಲ್ಲಿ ಗುಳಿ. ಒತ್ತಿದರೆ ಟಿಕ್ ಎಂದು ಕೂರುತ್ತದೆ, ಎಳೆದರೆ ಬಿಡುತ್ತದೆ.

ಅವನು ಗಿಟಾರಿನ ಬೆನ್ನಿನಲ್ಲಿ ಒಂದು ಕಿಂಡಿ ಕೊರೆದು ಮುಚ್ಚಳ ಕೂರಿಸಿದ. ತಂತಿ ಸಡಿಲಿಸದೆ ಹಿಂದಿನಿಂದಲೇ ಪಿಕಪ್ ತೆಗೆದು ಹಾಕಬಹುದಾಯಿತು. ಪಿಕಪ್‌ಗೆ ಎರಡು ವೈರು, ಒಂದು ಕೆಂಪು, ಒಂದು ಬಿಳಿ. ಅಂಗಡಿಯ ಗಟ್ಟಿ ಪಿಕಪ್ ತೆಗೆದುಕೊಂಡು, ಎರಡು ವೈರಿನ ತುದಿಗೂ ಮೊಳೆಯ ಹೋಳು ಬೆಸೆದ. ಗಿಟಾರಿನೊಳಗಿನ ಎರಡು ತುದಿಗೂ ಗುಳಿಯ ಹೋಳು ಬೆಸೆದ. ಐವತ್ತು ಸಲ ತೆಗೆದು ಹಾಕಿದ. ಐವತ್ತು ಸಲವೂ ಸರಿಯಾಗಿ ಕೂತಿತು. ಗಿಟಾರನ್ನು ಕುಲುಕಿದ, ಬಡಿದ, ತಲೆಕೆಳಗು ಮಾಡಿದ. ಅಲುಗಲಿಲ್ಲ. ಅವಳಿಗೆ ಹೇಳಿ ಕಳಿಸಿದ.

ಅವಳು ಬಂದಳು, ತೆಗೆದಳು, ಹಾಕಿದಳು, ಕುತ್ತಿಗೆಯ ಪಿಕಪ್ಪೂ ಇದೂ ಒಟ್ಟಿಗೆ ಹಾಡುವಂತೆ ಸ್ವಿಚ್ ತಿರುಗಿಸಿ ನುಡಿಸಿದಳು. ದನಿ ತೆಳ್ಳಗೆ ಮೂಗಿನಿಂದ ಬಂತು.

"ಇದಕ್ಕೆ ನೆಗಡಿಯಾಗಿದೆಯಲ್ಲ ಅಣ್ಣಾ" ಎಂದಳು.

ಅವನು ಮುಚ್ಚಳ ತೆಗೆದು ನೋಡಿದ. ಬಿಳಿಯ ಜಾಗದಲ್ಲಿ ಕೆಂಪು, ಕೆಂಪಿನ ಜಾಗದಲ್ಲಿ ಬಿಳಿ. ಹಾಗೆ ತಿರುಗುಮುರುಗಾದರೆ ಎರಡು ಪಿಕಪ್ ಒಂದರ ದನಿಯನ್ನು ಒಂದು ನುಂಗುತ್ತವೆ.

"ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಕಣ್ಣಿಲ್ಲವೇ?"

"ಎದುರಿಗೆ ಜನ ಕೂತಿರುತ್ತಾರೆ, ಕೈ ಬೆವರುತ್ತಿರುತ್ತದೆ, ಗಿಟಾರ್ ಮಗುಚಿ ಹಿಡಿದಿರುತ್ತೇನೆ. ಆಗ ಬಣ್ಣ ನೋಡಿಕೊಂಡು ಕೂರಲಾ?"

ಬೆಸುಗೆಗಾರ ಗುಂಡಿಗಳನ್ನು ಮತ್ತೆ ನೋಡಿದ. ಐವತ್ತು ಸಲ ಅವನು ಪರೀಕ್ಷೆ ಮಾಡಿದ್ದು ತನ್ನ ಕೈಯನ್ನೇ. ಮೂವತ್ತು ವರ್ಷ ಪಳಗಿದ ಆ ಕೈ ತಪ್ಪುವುದಾದರೂ ಹೇಗೆ? ಗುಂಡಿಯ ಪರೀಕ್ಷೆ ಇನ್ನೂ ಆಗಿರಲೇ ಇಲ್ಲ.

ಅವನು ಎಲ್ಲವನ್ನೂ ಕಿತ್ತು ಮತ್ತೆ ಮಾಡಿದ. ಈ ಸಲ ಪಿಕಪ್‌ನ ಕೆಂಪು ವೈರಿಗೆ ಮೊಳೆ, ಬಿಳಿ ವೈರಿಗೆ ಗುಳಿ. ಗಿಟಾರಿನೊಳಗೆ ಅದಕ್ಕೆ ತಕ್ಕಂತೆ ಒಂದು ಗುಳಿ, ಒಂದು ಮೊಳೆ. ತಪ್ಪು ಕಡೆ ಹಾಕಿದರೆ ಮೊಳೆಗೆ ಮೊಳೆ ಎದುರಾಗುತ್ತದೆ, ಕೂರುವುದೇ ಇಲ್ಲ. ಆಮೇಲೆ ದರ್ಜಿಯನ್ನು ಕರೆದು, ಕಣ್ಣು ಮುಚ್ಚಿಕೊಂಡು ಹಾಕು ಎಂದ. ದರ್ಜಿ ಗಿಟಾರ್ ಮುಟ್ಟಿದವನೇ ಅಲ್ಲ. ಒಂದು ಗುಂಡಿ ಕೂರಲೊಪ್ಪಲಿಲ್ಲ. ದರ್ಜಿಯ ಬೆರಳು ಪಕ್ಕದ ವೈರಿಗೆ ಹೋಯಿತು. ಟಿಕ್. ಇನ್ನೊಂದೂ ಟಿಕ್.

"ಇಷ್ಟೇ ಏನು?" ಎಂದ ದರ್ಜಿ.

"ಇಷ್ಟೇ" ಎಂದ ಬೆಸುಗೆಗಾರ. ಅವನ ಮುಖದಲ್ಲಿ ನಗು ಕಂಡು ದರ್ಜಿಗೆ ಆಶ್ಚರ್ಯವಾಯಿತು.

ಇನ್ನು ಉಳಿದದ್ದು ಅವಳು ಸುತ್ತಿದ ಪಿಕಪ್. ಅದಕ್ಕೆ ಗುಂಡಿ ಬೆಸೆಯಬೇಕು. ಅದಕ್ಕೆ ತಡೆಯುವುದು ಒಂದೇ ಸಲದ ಕಾವು. ಅವಳು ಎದುರಿಗೆ ನಿಂತಿದ್ದಳು. ಬೆಸುಗೆಗಾರ ಕಡ್ಡಿ ಎತ್ತಿಕೊಂಡ. ಕೆಲಸ ಸರಿಯಾಗಿ ಆಯಿತೆಂದರೆ ಇನ್ನು ಇವಳು ಈ ಮೆಟ್ಟಿಲು ಹತ್ತುವ ಕಾರಣವಿಲ್ಲ ಎಂಬುದು ಅವನಿಗೆ ಹೊಳೆದದ್ದು ಆಗಲೇ. ಕಡ್ಡಿಯ ತುದಿಯಿಂದ ಹೊಗೆ ಏಳುತ್ತಿತ್ತು. ಅವನು ಉಸಿರು ಹಿಡಿದ. ಕೆಂಪಿಗೆ ಮೊಳೆ ಮುಟ್ಟಿಸಿ, ಬಿಳಿಗೆ ಗುಳಿ ಮುಟ್ಟಿಸಿ, ಕಡ್ಡಿ ತೆಗೆದ. ಭೂತಗನ್ನಡಿ ಹಿಡಿದು ನೋಡಿದ. ಎಳೆ ಕಡಿದಿರಲಿಲ್ಲ. ಅವನ ಕೈಯಿಂದ ಅದಕ್ಕಿಂತ ಒಳ್ಳೆಯ ಬೆಸುಗೆ ಎಂದೂ ಬಿದ್ದಿರಲಿಲ್ಲ.

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಬೆಸುಗೆಗಾರ ಚೀಲದಲ್ಲಿ ಕಡ್ಡಿ, ಸೀಸ ಇಟ್ಟುಕೊಂಡು ಬಂದು, ಪ್ಲಗ್ ಇದ್ದ ಗೋಡೆಯ ಪಕ್ಕದಲ್ಲೇ ಜಾಗ ಹಿಡಿದಿದ್ದ. ಎದುರಾಳಿ ಮೇಳದ ಗಿಟಾರ್ ವಾದಕ ತನ್ನ ಎರಡು ಗಿಟಾರ್‌ಗಳ ನಡುವೆ ನಿಂತು ಅವಳನ್ನು ಕೇಳಿದ. "ಏನಮ್ಮಾ, ಇನ್ನೊಂದನ್ನು ಮನೆಯಲ್ಲಿ ಮಲಗಿಸಿ ಬಂದೆಯಾ?" ಅವನ ಮೇಳದವರು ನಕ್ಕರು. ಅವಳು ಶ್ರುತಿ ಮಾಡಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ.

ಮೊದಲ ಹಾಡು ಮುಗಿಯಿತು. ಅವಳು ಗಿಟಾರ್ ಮಗುಚಿದಳು, ಮುಚ್ಚಳ ತೆಗೆದಳು, ಅಂಗಡಿಯ ಪಿಕಪ್ ಎಳೆದು ಜೇಬಿಗೆ ಹಾಕಿಕೊಂಡಳು. ತಾನು ಸುತ್ತಿದ್ದನ್ನು ಒಳಗಿಟ್ಟಳು. ಗುಂಡಿ ಒತ್ತಿದಳು. ಕೂರಲಿಲ್ಲ. ಬೆಸುಗೆಗಾರ ಅರ್ಧ ಎದ್ದ, ಕೈ ಚೀಲದೊಳಗೆ ಹೋಗಿತ್ತು. ಅವಳು ಅವನ ಕಡೆ ನೋಡಲಿಲ್ಲ. ಅವಳ ಬೆರಳು ಪಕ್ಕದ ವೈರಿಗೆ ಹೋಯಿತು. ಒತ್ತಿದಳು. ಇನ್ನೊಂದನ್ನೂ ಒತ್ತಿದಳು. ಮುಚ್ಚಳ ಹಾಕಿ ಗಿಟಾರ್ ತಿರುಗಿಸಿ, ಕುತ್ತಿಗೆಯ ಪಿಕಪ್ಪನ್ನೂ ಕೂಡಿಸಿ, ಆರು ತಂತಿಗಳ ಮೇಲೂ ಒಮ್ಮೆ ಕೈಯೆಳೆದಳು.

ಆ ದನಿಗೆ ಸಭಾಂಗಣದ ಕಿಟಕಿ ಗಾಜುಗಳು ಗುಂಯ್ ಎಂದವು. ಹಿಂದಿನ ಸಾಲಿನವರು ಎದ್ದು ನಿಂತರು. ಎರಡು ನಿಮಿಷದಲ್ಲಿ ಅವಳಿಗೆ ಬೇಕಾದದ್ದು ಅರ್ಧ ನಿಮಿಷ.

"ಟಿಕ್ ಅಂದಿತು! ಎರಡೂ ಟಿಕ್ ಅಂದವು!" ಎಂದು ಬೆಸುಗೆಗಾರ ಪಕ್ಕದ ಅಪರಿಚಿತನ ಭುಜ ಹಿಡಿದು ಕುಲುಕಿದ.

"ಗಿಟಾರ್ ಕೇಳಯ್ಯಾ, ಕೂತುಕೋ" ಎಂದ ಅಪರಿಚಿತ.

ಅವನು ಕೂರಲಿಲ್ಲ. ಹಾಡು ಮುಗಿಯುವವರೆಗೂ ನಿಂತೇ ಇದ್ದ. ಅವಳ ಮೇಳ ಗೆದ್ದಿತು. ಎದುರಾಳಿ ವಾದಕ ಅವಳ ಗಿಟಾರಿನ ಬೆನ್ನನ್ನು ಎರಡು ಸಲ ತಿರುಗಿಸಿ ನೋಡಿ, ನನಗೂ ಇಂಥದ್ದೇ ಬೇಕು ಎಂದ. ಬೆಸುಗೆಗಾರ ಚೀಲ ಹೆಗಲಿಗೇರಿಸಿ ಮನೆಯವರೆಗೂ ಶಿಳ್ಳೆ ಹಾಕಿಕೊಂಡು ನಡೆದ. ಕಡ್ಡಿ ಚೀಲದಲ್ಲಿ ತಣ್ಣಗೆ ಮಲಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ.

"ವೇದಿಕೆಯ ಮೇಲೆ ಅವಳು ಅವನ ಹೆಸರು ಹೇಳಿದಳೇ?"

"ಇಲ್ಲ."

"ಅವನ ಕಡೆ ಒಮ್ಮೆ ತಿರುಗಿಯಾದರೂ ನೋಡಬಹುದಿತ್ತಲ್ಲ, ಗುರುಗಳೇ?"

"ನೀನು ಈಗ ಇಲ್ಲಿಗೆ ನಡೆದು ಬಂದೆಯಲ್ಲ, ಕೈ ಹಿಡಿದು ನಡೆಯಲು ಕಲಿಸಿದವರ ಕಡೆ ಎಷ್ಟು ಸಲ ತಿರುಗಿ ನೋಡಿದೆ?" ಎಂದರು ಗುರುಗಳು.