ನಿಂಬೆವ್ವ ಚಾಚಿದ ಕಾಲು

ನಾಲ್ಕನೆಯ ರೊಟ್ಟಿ ಹಂಚಿಗೆ ಹಾಕಿದ ನಿಂಬೆವ್ವ ಐದನೆಯದಕ್ಕೆ ಹಿಟ್ಟು ತೆಗೆದುಕೊಳ್ಳಲು ವಾಲಿದಳು. ಮೊಣಕಾಲು ಹಿಡಿದುಕೊಂಡಿತು. ಒಲೆಯ ಮುಂದಿನಿಂದ ಅವಳನ್ನು ಇಬ್ಬರು ಎತ್ತಿ ನಿಲ್ಲಿಸಬೇಕಾಯಿತು.

ಹುಲಿಗುಡ್ಡದ ಮಠಕ್ಕೆ ಆಗ ಗ್ಯಾಸ್ ಬಂದಿರಲಿಲ್ಲ. ನೆಲದ ಒಲೆ, ಹತ್ತಿಕಟ್ಟಿಗೆ, ಹೊಗೆ. ಗಂಡ ಸತ್ತ ವರ್ಷ ಬಂದವಳು ಮೂವತ್ತೊಂದು ವರ್ಷ ಅದೇ ಒಲೆಯ ಮುಂದೆ ಮಂಡಿ ಮಡಚಿ ಕೂತಿದ್ದಳು. ಅವಳ ರೊಟ್ಟಿಯ ಸಪ್ಪಳ ಕೇಳಿದರೆ ಊರಿಗೆ ಬೆಳಗಾಗುತ್ತಿತ್ತು.

ಶ್ರೀ ನಿಜಲಿಂಗ ಸ್ವಾಮಿಗಳು ದಾಸೋಹದ ಅಡುಗೆಮನೆಯ ಪಕ್ಕದ ಖೋಲಿಯಲ್ಲೇ ಇರುತ್ತಿದ್ದರು. ಒಂದು ಚಾಪೆ, ಒಂದು ತಂಬಿಗೆ. ಭಕ್ತರು ಕೊಟ್ಟ ಮಂಚವನ್ನು ಬಾಣಂತಿಯೊಬ್ಬಳ ಮನೆಗೆ ಕಳಿಸಿದ್ದರು. ಅವರೇ ನಿಂಬೆವ್ವನನ್ನು ತಾಲೂಕಿನ ಡಾಕ್ಟರ ಬಳಿ ಕಳಿಸಿದರು.

ಡಾಕ್ಟರು ಮೊಣಕಾಲಿನ ಕೀಲು ಸವೆದಿದೆ ಎಂದರು. ನೆಲಕ್ಕೆ ಕೂಡಬೇಡ, ಶಾಖ ಕೊಡು, ಕೋಲು ಹಿಡಿ, ಮೈ ಇಳಿಸು. ಎಲ್ಲಕ್ಕಿಂತ ಮುಖ್ಯ, ಎತ್ತರದಲ್ಲಿ ಕೂತು ಕಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿ ಹಿಡಿ, ದಿನಕ್ಕೆ ಎರಡು ಸಲ. ತೊಡೆ ಗಟ್ಟಿಯಾದರೆ ಮೊಣಕಾಲಿನ ಭಾರ ಇಳಿಯುತ್ತದೆ. ಅಷ್ಟಾದರೂ ನೋವು ಇಳಿಯದಿದ್ದರೆ ಆಪರೇಷನ್ ಮಾತು ಆಮೇಲೆ.

ನಿಂಬೆವ್ವ ಶಾಖ ಕೊಟ್ಟಳು. ಕೋಲು ಹಿಡಿದಳು. ಕಾಲು ಮಾತ್ರ ಚಾಚಲಿಲ್ಲ.

ಎರಡು ತಿಂಗಳಾದರೂ ನೋವು ಇಳಿಯಲಿಲ್ಲ. ರೊಟ್ಟಿ ಬಡಿಯದೆ ಮಠದ ಅನ್ನ ಉಣ್ಣಲು ಅವಳಿಗೆ ಮನಸ್ಸಿರಲಿಲ್ಲ. ಒಂದು ದಿನ ಗಂಟು ಕಟ್ಟಿ ಸ್ವಾಮಿಗಳ ಮುಂದೆ ನಿಂತಳು.

"ತಂಗಿ ಮಗಳ ಊರಿಗೆ ಹೊಂಟೇನ್ರಿ ಅಜ್ಜಾರ. ಭಸ್ಮ ಕೊಡ್ರಿ."

"ಡಾಕ್ಟರು ಹೇಳಿದ್ದು ಮಾಡಿದಿ?"

ಅವಳು ಗಂಟನ್ನು ಇನ್ನಷ್ಟು ಬಿಗಿದಳು. ಅವಳ ಜೊತೆಗೆ ರೊಟ್ಟಿ ಬಡಿಯುತ್ತಿದ್ದ ಗಿರಿಜವ್ವ ಒಲೆಯ ಮುಂದಿನಿಂದಲೇ ಬಾಯಿ ಹಾಕಿದಳು.

"ಎಲ್ಲಿ ಮಾಡ್ತಾಳ್ರಿ? ಕಾಲು ಚಾಚು ಅಂದ್ರ ನನಗ ಬೈತಾಳ."

"ಯಾವ ಕಡೆ ಚಾಚಲೇ?" ನಿಂಬೆವ್ವ ಸಿಡಿದಳು. "ಈ ಕಡೆ ಗದ್ದಿಗಿ. ಆ ಕಡೆ ಅಜ್ಜಾರ ಖೋಲಿ. ಇತ್ತಾಗ ಒಲಿ, ಅತ್ತಾಗ ಉಣ್ಣೋ ಮಂದಿ. ನಿನ್ನ ತಲಿ ಮ್ಯಾಲೆ ಚಾಚ್ಲ್ಯಾ?"

ಸ್ವಾಮಿಗಳು ನಗಲಿಲ್ಲ. ಎದ್ದು ಅಡುಗೆಮನೆಗೆ ನಡೆದರು. ಕಾಯಿಪಲ್ಲೆ ಹೆಚ್ಚುವವರು ಕೂಡುವ ಬಾಕನ್ನು, ಮರದ ಎತ್ತರದ ಬೆಂಚನ್ನು, ತಾವೇ ಎಳೆದರು.

"ಕೂಡು."

ಗುರುವಿನ ಮುಂದೆ ಎತ್ತರದಲ್ಲಿ ಕೂಡುವುದು ಮಠದಲ್ಲಿ ಇರಲಿಲ್ಲ. ನಿಂಬೆವ್ವ ಬಾಕಿನ ತುದಿಗೆ ಕೂತಳು. ಅವರು ಎದುರಿಗಿದ್ದ ಜೋಳದ ಚೀಲದ ಮೇಲೆ ಕೂತು ಕಾವಿಯನ್ನು ಮೊಣಕಾಲಿನವರೆಗೆ ಸರಿಸಿದರು. ಮೊಣಕಾಲು ಬಾತಿತ್ತು. ಸುತ್ತ ಉಣ್ಣೆಯ ಪಟ್ಟಿ. ಮೂರು ವರ್ಷದಿಂದ ಇದ್ದ ನೋವು ಮಠದಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಅವರು ಆ ಕಾಲನ್ನು ನಿಂಬೆವ್ವನ ಕಡೆಗೆ ಚಾಚಿ ಹಿಡಿದರು.

"ನಮಗೂ ಅದೇ ಡಾಕ್ಟರು. ಚಾಚವ್ವ."

"ಪಾಪ ಬರ್ತದ್ರೀ, ಅಜ್ಜಾರ."

"ಬಂದರ ನಮಗ ಬರಲಿ."

ನಿಂಬೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಲು ಒಂದು ಗೇಣು ಎದ್ದಿತು, ಬಿತ್ತು. ಮತ್ತೆ ಎದ್ದಿತು. ಈ ಸಲ ನೆಟ್ಟಗಾಯಿತು. ಬಿರುಕು ಬಿಟ್ಟ ಎರಡು ಅಂಗಾಲುಗಳು ಎದುರುಬದುರು. ಸ್ವಾಮಿಗಳು ಮೆಲ್ಲಗೆ ಐದು ಸಲ ಓಂ ನಮಃ ಶಿವಾಯ ಎಂದರು.

"ಇಳಿಸು. ಈಗ ಇನ್ನೊಂದು."

ಗಿರಿಜವ್ವ ಆ ಹೊತ್ತು ರೊಟ್ಟಿ ಸೀಯಿಸಿದಳು.

ಸಂಜೆ ಗಂಟು ಬಿಚ್ಚಿತು. ವಾರದೊಳಗೆ ಗೌಂಡಿ ಬಂದು ಒಲೆಯನ್ನು ಸೊಂಟದ ಮಟ್ಟಕ್ಕೆ ಏರಿಸಿದ. ನಿಂತು ಬಡಿದ ರೊಟ್ಟಿ ಪ್ರಸಾದವಾಗುತ್ತದೆಯೇ ಎಂದು ಊರ ಹಿರಿಯರು ಕೇಳಿದರು. ಸ್ವಾಮಿಗಳು ಮೊದಲ ರೊಟ್ಟಿಯನ್ನು ಅಲ್ಲೇ ನಿಂತು ಉಂಡರು. ಮಾತು ಮುಗಿಯಿತು.

ನೋವು ಪೂರಾ ಹೋಗಲಿಲ್ಲ. ಚಳಿಗಾಲದಲ್ಲಿ ಕೋಲು ಬೇಕಾಗುತ್ತಿತ್ತು. ಒಂದು ತಾಸು ನಿಂತರೆ ಬಾಕಿನ ಮೇಲೆ ಒಂದಿಷ್ಟು ಕೂಡುತ್ತಿದ್ದಳು. ಆದರೂ ಬೆಳಗಿನ ಸಪ್ಪಳ ಊರಿಗೆ ಮತ್ತೆ ಕೇಳಿತು. ಅದಕ್ಕೆ ಮೊದಲು ಬಾಕು ಮತ್ತು ಚೀಲದ ನಡುವೆ ದಿನವೂ ಆ ಎರಡು ಕಾಲುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಹೀಗೆ ಒಂಬತ್ತು ವರ್ಷ.

ಸ್ವಾಮಿಗಳು ಲಿಂಗೈಕ್ಯರಾದ ದಿನ ಊರೆಲ್ಲ ಮಠದಲ್ಲಿ ನೆರೆಯಿತು. ನಿಂಬೆವ್ವ ಬೆಳಿಗ್ಗೆ ಬಾಕಿನ ಮೇಲೆ ಕೂತಳು. ಎದುರಿನ ಚೀಲದ ಕಡೆಗೆ ಕಾಲು ಚಾಚಿ ಐದು ಸಲ ಓಂ ನಮಃ ಶಿವಾಯ ಎಂದಳು. ಇನ್ನೊಂದು ಕಾಲಿಗೂ ಅಷ್ಟೇ.

ಆಮೇಲೆ ಎದ್ದು ರೊಟ್ಟಿಗೆ ನಿಂತಳು.