ಓಬಳಪ್ಪ ತೆರೆಯದ ಕಣ್ಣು

ಹೊಳೆ ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲ. ಬಹಳ ಹಿಂದೆ, ಹೊಳೆದಂಡೆಯ ಒಂದೂರಲ್ಲಿ, ತೊಗಲುಗೊಂಬೆ ಮಾಡುವ ಓಬಳಪ್ಪ ಅಂತ ಒಬ್ಬನಿದ್ದನಂತೆ. ಅವನು ಹೆರೆದ ಮೇಕೆತೊಗಲು ಎಷ್ಟು ತೆಳುವೆಂದರೆ, ಬಿಸಿಲಿಗೆ ಹಿಡಿದರೆ ಆಚೆ ಹೊಲದಲ್ಲಿ ಕೂತ ಗಿಳಿಗಳನ್ನು ಎಣಿಸಬಹುದಿತ್ತಂತೆ. ಉಳಿ ಹಿಡಿದು ಸೊಳ್ಳೆಯ ಕಾಲಿಗೆ ಗೆಜ್ಜೆ ಕೊರೆದಿದ್ದನಂತೆ. ಅವನ ಗೊಂಬೆಕುದುರೆ ಕಂಡು ಪಾಳೇಗಾರನ ನಿಜವಾದ ಕುದುರೆ ಹಗ್ಗ ಹರಿದುಕೊಂಡು ಬಂತಂತೆ. ಸುಳ್ಳಾದರೆ ನನ್ನ ಈ ಮೀಸೆ ಬೋಳಿಸಿ. ಗೊಂಬೆ ಕುಣಿಸುವವನು ಅವನು. ಎಲ್ಲ ಗೊಂಬೆಗಳ ಬಾಯಾಗಿ ಹಾಡುವವಳು ಅವನ ಹೆಂಡತಿ ಹುಲಿಗೆವ್ವ.

ಒಂದು ವರ್ಷ ಪಾಳೇಗಾರನ ನಗಾರಿ ಬಂತು. ಮನೆಗೊಬ್ಬ ಗಂಡಸು ಯುದ್ಧಕ್ಕೆ ಹೋದ. ಓಬಳಪ್ಪನ ಒಬ್ಬನೇ ಮಗ ಚೌಡನೂ ಹೋದ. ಯುದ್ಧ ಮುಗಿಯಿತೆಂದು ಸುದ್ದಿ ಬಂತು, ಹೋದವರು ಬರಲಿಲ್ಲ. ಹೆಣವೂ ಬರಲಿಲ್ಲ. ಅಳಬೇಕೋ ಕಾಯಬೇಕೋ ತಿಳಿಯದೆ ಊರು ಬೆಪ್ಪಾಗಿ ಕೂತಿತಂತೆ.

ಆಗ ಓಬಳಪ್ಪ ರಾಮ ರಾವಣರನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಊರಿನ ಮನೆಗಳನ್ನೇ ಕೊರೆಯತೊಡಗಿದನಂತೆ. ಬಾರದವನ ತಟ್ಟೆಗೆ ಅಂಬಲಿ ಬಡಿಸುವ ಹೆಂಡತಿ. ಅಪ್ಪನ ಕೆರದಲ್ಲಿ ಪುಟ್ಟ ಕಾಲಿಟ್ಟು ನಡೆಯುವ ಮಗಳು. ಎಮ್ಮೆ ಕೆಮ್ಮಿದರೂ ಬಾಗಿಲಿಗೆ ಓಡುವ ಮುದುಕಿ. ಜೊತೆಗೆ ಬಾರದವನದೂ ಒಂದು ಗೊಂಬೆ. ಊರಿನ ಎಣ್ಣೆಯೆಲ್ಲ ಪಾಳೇಗಾರನ ಪಂಜಿಗೆ ಹೋಗಿತ್ತು. ಅದಕ್ಕೆ ಮುಂಜಾನೆ ಹೊಳೆದಂಡೆಯಲ್ಲಿ ಪರದೆ ಕಟ್ಟಿ, ಸೂರ್ಯನನ್ನೇ ದೀಪ ಮಾಡಿಕೊಂಡನಂತೆ. ಅವನು ಹೂಂ ಅನ್ನುವವರೆಗೆ ಸೂರ್ಯ ಗುಡ್ಡದ ಹಿಂದೆ ಕಾಯುತ್ತಿದ್ದನಂತೆ. ಆಟದ ಕೊನೆಗೆ, ಮನೆಯವರ ಎದುರಿಗೇ, ಬಾರದವನ ಗೊಂಬೆಗೆ ಉಳಿಯಿಂದ ತೂತು ಕೊರೆದು ಕಣ್ಣು ತೆರೆಯುತ್ತಿದ್ದ. ಅದು ಒಮ್ಮೆ ತನ್ನವರನ್ನು ಕಣ್ತುಂಬ ನೋಡುತ್ತಿತ್ತಂತೆ. ಆಮೇಲೆ, ಹಳೆಯ ಗೊಂಬೆಗಳನ್ನು ಅವನ ಕುಲದವರು ನೀರಿಗೆ ಬಿಡುವ ಹಾಗೆ, ಮನೆಯವರು ಅದನ್ನು ಹೊಳೆಗೆ ಬಿಟ್ಟು ಅತ್ತು ಹಗುರಾಗುತ್ತಿದ್ದರಂತೆ.

ಎಲ್ಲರ ಮನೆಯದೂ ಆಯಿತು. ಚೌಡನದೊಂದು ಬಾಕಿ. ರುಮಾಲು, ಕಿವಿಯ ಒಂಟಿ, ಮುರಿದ ಮುಂಬಲ್ಲು ಎಲ್ಲ ಕೊರೆದ. ಕಣ್ಣಿಗೆ ಬಂದಾಗ ಹುಲಿಗೆವ್ವ ಕೈ ಹಿಡಿದಳು.

“ಕಣ್ಣು ತೆರೆದಿಯೋ, ಇವತ್ತಿಂದ ನಾ ಹಾಡಂಗಿಲ್ಲ. ನನ್ನ ಮಗ ಬರ್ತಾನ.”

ಗಂಡನ ಗೊಂಬೆಯನ್ನು ಹೊಳೆಗೆ ಬಿಟ್ಟಿದ್ದ ನೆರೆಮನೆಯ ಸೋಮವ್ವ ಬೀದಿಯಲ್ಲೇ ಚುಚ್ಚಿದಳು. “ಊರ ಮಂದಿ ಕಣ್ಣಿಗೆಲ್ಲ ಉಳಿ ಇಟ್ಟ ಕೈ ಅಲ್ಲೇನು ಮಾವಾ? ಸ್ವಂತ ಮಗ ಅಂದಕೂಡ್ಲೆ ನಡುಗ್ತತೇನು?”

ಓಬಳಪ್ಪ ಸೊಳ್ಳೆಯ ಕಾಲಿಗೆ ಗೆಜ್ಜೆ ಕೊರೆದ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದನಂತೆ.

ಮರುದಿನ ಮುಂಜಾನೆ ಕಣ್ಣಿಲ್ಲದ ಚೌಡನನ್ನೇ ಪರದೆಗೆ ಹಚ್ಚಿದ. ಎದುರಿಗೆ ಅಂಬಲಿ ಹಿಡಿದ ತಾಯಿಗೊಂಬೆ. ಮಗನ ಗೊಂಬೆ ಕೈ ಎತ್ತಿತು. ಗೊಂಬೆ ಕೈ ಎತ್ತಿದರೆ ಮಾತು ಕೊಡುವುದು ಹುಲಿಗೆವ್ವನ ಬಾಯಿಗೆ ಜನ್ಮದ ರೂಢಿ. ಬೇಡವೆಂದರೂ ಚೌಡನ ದನಿ ಅವಳ ಬಾಯಿಂದ ಬಂತಂತೆ.

“ಅವ್ವಾ, ಇಲ್ಲಿ ಬರೇ ಕತ್ತಲಾ. ನಿನ್ನ ಮಾರಿ ಕಾಣವಲ್ದು.”

ತನ್ನ ಬಾಯಿ ಆಡಿದ ಮಾತು ಕೇಳಿ ತಾನೇ ಕಲ್ಲಾದಳು. ಆಮೇಲೆ ಗಂಡನ ಸೊಂಟದಿಂದ ಉಳಿ ತಗೊಂಡು, ಮಗನ ಕಣ್ಣನ್ನು ತಾನೇ ತೆರೆದಳಂತೆ. ಆ ತೂತಿನಿಂದ ರಾಗಿಕಾಳಿನಷ್ಟು ಬಿಸಿಲು ಅವಳ ಹಣೆ ಮೇಲೆ ಬಿತ್ತು. ಸಾಯುವ ತನಕ ಅದು ಅಲ್ಲೇ ಇತ್ತಂತೆ, ಸಂಜೆಯಾದರೂ ಆರಲಿಲ್ಲವಂತೆ. ಗೊಂಬೆಯನ್ನು ಹೊಳೆಗೆ ಬಿಟ್ಟಾಗ ಹೊಳೆ ಮೂರು ಗಳಿಗೆ ಹರಿಯದೆ ನಿಂತಿತಂತೆ.

ಇವತ್ತಿಗೂ ಆ ಊರಲ್ಲಿ ವರ್ಷಕ್ಕೊಂದು ಮುಂಜಾನೆ ದಂಡೆಯಲ್ಲಿ ಪರದೆ ಕಟ್ಟಿ, ಕಣ್ಣಿಲ್ಲದ ಗೊಂಬೆಗಳನ್ನೂ ಒಂದು ಉಳಿಯನ್ನೂ ಇಡುತ್ತಾರೆ. ಮನೆಯವರನ್ನು ಕಳಕೊಂಡವರು ಬಂದು ಕಣ್ಣು ತೆರೆದು ಹೊಳೆಗೆ ಬಿಡುತ್ತಾರೆ. ಇನ್ನೂ ಕಾಯುವವರು ಉಳಿ ಮುಟ್ಟದೆ ತಿರುಗಿ ಹೋಗುತ್ತಾರೆ. ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಅಂದು ಬೀದಿಯಲ್ಲಿ ಚುಚ್ಚಿದ ಸೋಮವ್ವನ ಮನೆತನದವರೇ ಅವರನ್ನು ಕೂರಿಸಿ, ಅಂಬಲಿ ಕುಡಿಸಿ ಕಳಿಸುತ್ತಾರೆ.